ಬೇಸಿಗೆಯ ಬಿಸಿಗಾಳಿ: ಮನೆಯನ್ನು ತಂಪಾಗಿರಿಸಿಕೊಳ್ಳುವ ಕ್ರಮಗಳು

ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ರಾಜ್ಯದಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಬೇಸಿಗೆಯ ಅವಧಿಯಾಗಿರುತ್ತದೆ. ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿ ಮುಂತಾದ ಜಿಲ್ಲೆಗಳಲ್ಲಿ ಈ ಅವಧಿಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಭಾರತ ಹವಾಮಾನ ಇಲಾಖೆಯ ಮಾನದಂಡದಂತೆ, ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶವು 40 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದು, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಅಧಿಕವಾಗಿದ್ದಲ್ಲಿ ಅದನ್ನು ಬಿಸಿಗಾಳಿಯ ಸ್ಥಿತಿ ಎಂದು ಪರಿಗಣಿಸಲಾಗುತ್ತದೆ. ಕರಾವಳಿಗೆ ಈ ಮಿತಿಯು 37 ಡಿಗ್ರಿ ಆಗಿರುತ್ತದೆ.

ಬಿಸಿಲಿನಲ್ಲಿ ದುಡಿಯುವವರಿಗೆ ಮಾತ್ರವಲ್ಲದೆ, ತಗಡಿನ ಚಾವಣಿಯ ಅಥವಾ ಗಾಳಿಯಾಡದ ಮನೆಗಳಲ್ಲಿಯೇ ಉಳಿಯುವ ವೃದ್ಧರು, ಹಸುಗೂಸುಗಳು, ಗರ್ಭಿಣಿಯರು ಹಾಗೂ ರೋಗಿಗಳಿಗೂ ಇದರಿಂದ ಪ್ರಾಣಾಪಾಯ ಸಂಭವಿಸಬಹುದಾಗಿದೆ.

2. ಎಲ್ಲಾ ಪ್ರದೇಶಗಳಿಗೆ ಅನ್ವಯವಾಗುವ ಕ್ರಮಗಳು

(ಅ) ಹೊರಗಿನ ಗಾಳಿಯು ಒಳಗಿನದಕ್ಕಿಂತ ಬಿಸಿಯಾಗಿರುವಾಗ ಬಿಸಿಲು ಬೀಳುವ ಕಿಟಕಿಗಳನ್ನು ಮುಚ್ಚಿ, ಪರದೆ ಎಳೆಯುವುದು. ಸಂಜೆ ಹೊರಗೆ ತಂಪಾದ ನಂತರ ಎದುರುಬದುರಿನ ಕಿಟಕಿಗಳನ್ನು ತೆರೆದು, ಬೆಳಗಿನವರೆಗೆ ಗಾಳಿಯಾಡಲು ಬಿಡುವುದು.

(ಆ) ನೆರಳನ್ನು ಕಿಟಕಿಯ ಹೊರಗಡೆಯೇ ಒದಗಿಸುವುದು ಹೆಚ್ಚು ಪರಿಣಾಮಕಾರಿ. ಒಳಗಿನ ಪರದೆಯನ್ನು ತಲುಪುವ ವೇಳೆಗೆ ಬಿಸಿಲಿನ ಶಾಖವು ಗಾಜನ್ನು ದಾಟಿ ಕೋಣೆಯನ್ನು ಪ್ರವೇಶಿಸಿರುತ್ತದೆ. ಬಿದಿರಿನ ತಟ್ಟಿ, ಗೋಣಿತಾಟು ಅಥವಾ ತೆಂಗಿನ ಗರಿಯ ಚಪ್ಪರವನ್ನು ಬಳಸಬಹುದು.

(ಇ) ಕಾಂಕ್ರೀಟ್ ತಾರಸಿಯು ಹಗಲಿನ ಶಾಖವನ್ನು ಹೀರಿ ರಾತ್ರಿ ಕೋಣೆಗೆ ಬಿಡುತ್ತದೆ. ಬೇಸಿಗೆಗೆ ಮುನ್ನ ತಾರಸಿಗೆ ಬಿಳಿ ಸುಣ್ಣ ಬಳಿಯುವುದರಿಂದ ಬಿಸಿಲು ಪ್ರತಿಫಲಿಸಿ ಶಾಖ ಕಡಿಮೆಯಾಗುತ್ತದೆ.

(ಈ) ಅಡುಗೆಯನ್ನು ಬೆಳಗಿನ ಜಾವದಲ್ಲಿ ಮುಗಿಸುವುದು. ಅನಗತ್ಯ ದೀಪ ಹಾಗೂ ಉಪಕರಣಗಳನ್ನು ಆರಿಸುವುದು.

3. ಒಣ ಹವೆಯ ಜಿಲ್ಲೆಗಳಲ್ಲಿ

ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವುದು ಇದೇ ಕಾರಣದಿಂದ. ಹವೆ ಒಣಗಿದ್ದಷ್ಟೂ ಈ ಪರಿಣಾಮ ಹೆಚ್ಚು. ಆದ್ದರಿಂದ ಉತ್ತರ ಕರ್ನಾಟಕದ ಒಳನಾಡಿನಲ್ಲಿ ಗಾಳಿ ಬರುವ ಕಿಟಕಿಗೆ ಲಾವಂಚದ ತಟ್ಟಿ ಅಥವಾ ಒದ್ದೆ ಬಟ್ಟೆ ಕಟ್ಟುವುದು ಮತ್ತು ಏರ್ ಕೂಲರ್ ಬಳಸುವುದು ಉಪಯುಕ್ತ.

ಕೂಲರನ್ನು ಮುಚ್ಚಿದ ಕೋಣೆಯಲ್ಲಿ ನಡೆಸಬಾರದು. ತೇವವು ಹೊರಹೋಗಲು ಎದುರಿನ ಕಿಟಕಿ ತೆರೆದಿರಬೇಕು. ನೀರು ತುಂಬಿಸುವ ಮೊದಲು ಸ್ವಿಚ್ ಆರಿಸಿ, ಪ್ಲಗ್ ತೆಗೆಯತಕ್ಕದ್ದು. ಸೊಳ್ಳೆ ಬೆಳೆಯದಂತೆ ವಾರಕ್ಕೊಮ್ಮೆ ತೊಟ್ಟಿಯನ್ನು ಖಾಲಿ ಮಾಡಿ, ಉಜ್ಜಿ ತೊಳೆದು ಒಣಗಿಸತಕ್ಕದ್ದು.

4. ಕರಾವಳಿ ಪ್ರದೇಶದಲ್ಲಿ

ದಕ್ಷಿಣ ಕನ್ನಡ, ಉಡುಪಿ ಹಾಗೂ ಉತ್ತರ ಕನ್ನಡ ಜಿಲ್ಲೆಗಳ ಕರಾವಳಿಯಲ್ಲಿ ಹವೆಯು ತೇವದಿಂದ ಕೂಡಿರುವ ಕಾರಣ ಬೆವರು ಬೇಗನೆ ಆರುವುದಿಲ್ಲ. ಇಲ್ಲಿ ಒದ್ದೆ ಪರದೆ ಮತ್ತು ಕೂಲರ್‌ಗಳು ಸೆಕೆಯನ್ನು ಹೆಚ್ಚಿಸುವ ಸಾಧ್ಯತೆಯಿದೆ. ಫ್ಯಾನಿನ ಗಾಳಿ, ದಿನಕ್ಕೆ ಎರಡು ಮೂರು ಬಾರಿ ಸ್ನಾನ, ತೆಳುವಾದ ಹತ್ತಿಯ ಉಡುಪು ಇವು ಹೆಚ್ಚು ಪ್ರಯೋಜನಕಾರಿ. ಬಟ್ಟೆಗಳನ್ನು ಮನೆಯೊಳಗೆ ಒಣಗಿಸಬಾರದು.

5. ಫ್ಯಾನ್ ಮತ್ತು ಎ.ಸಿ. ಬಳಕೆ

ಕೋಣೆಯ ಉಷ್ಣಾಂಶವು 40 ಡಿಗ್ರಿ ಮೀರಿದಾಗ ಫ್ಯಾನ್ ಒಂದರಿಂದಲೇ ದೇಹವು ತಣಿಯುವುದಿಲ್ಲ. ಬಿಸಿ ಗಾಳಿಯು ದೇಹವನ್ನು ಮತ್ತಷ್ಟು ಕಾಯಿಸಬಹುದು. ಅಂತಹ ವೇಳೆಯಲ್ಲಿ ಮೈಯನ್ನು ಒದ್ದೆ ಬಟ್ಟೆಯಿಂದ ಆಗಾಗ ಒರೆಸಿಕೊಳ್ಳುವುದು ಹಾಗೂ ಮನೆಯ ಅತ್ಯಂತ ತಂಪಾದ ಭಾಗಕ್ಕೆ ತೆರಳುವುದು. ಎ.ಸಿ. ಇರುವವರು ಅದನ್ನು 27 ಡಿಗ್ರಿಗೆ ಇರಿಸಿ ಜೊತೆಗೆ ಫ್ಯಾನ್ ಹಾಕಿದಲ್ಲಿ ಸಾಕಷ್ಟು ತಂಪು ದೊರೆತು ವಿದ್ಯುತ್ ಉಳಿತಾಯವಾಗುತ್ತದೆ.

6. ಆಹಾರ ಮತ್ತು ಪಾನೀಯ

ಬಾಯಾರಿಕೆಗೆ ಕಾಯದೆ ನೀರು, ಮಜ್ಜಿಗೆ, ಅಂಬಲಿ, ಎಳನೀರು, ನಿಂಬೆಹಣ್ಣಿನ ಪಾನಕ ಸೇವಿಸುವುದು. ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ನಮೂದಿಸಿದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ, 24 ಗಂಟೆಯೊಳಗೆ ಬಳಸತಕ್ಕದ್ದು. ಆರು ತಿಂಗಳೊಳಗಿನ ಶಿಶುಗಳಿಗೆ ನೀರಿನ ಬದಲು ಪದೇ ಪದೇ ಎದೆಹಾಲನ್ನೇ ನೀಡುವುದು. ಹೃದ್ರೋಗ ಹಾಗೂ ಮೂತ್ರಪಿಂಡದ ಕಾಯಿಲೆ ಇರುವವರು ಸೇವಿಸಬೇಕಾದ ನೀರಿನ ಪ್ರಮಾಣದ ಬಗ್ಗೆ ವೈದ್ಯರ ಸಲಹೆ ಪಡೆಯತಕ್ಕದ್ದು.

7. ತುರ್ತು ಸಂದರ್ಭ

ಅತಿಯಾದ ಮೈಬಿಸಿಯೊಂದಿಗೆ ಮಾತಿನ ತೊದಲುವಿಕೆ, ಗೊಂದಲ, ಫಿಟ್ಸ್ ಅಥವಾ ಪ್ರಜ್ಞೆ ತಪ್ಪುವಿಕೆ ಕಂಡುಬಂದಲ್ಲಿ ಅದು ಉಷ್ಣಾಘಾತವಾಗಿರಬಹುದು. ಬೆವರು ಇದೆ ಎಂಬ ಕಾರಣಕ್ಕೆ ನಿರ್ಲಕ್ಷಿಸಬಾರದು. ತಕ್ಷಣ 108 ಸಂಖ್ಯೆಗೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ರೋಗಿಯನ್ನು ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಹಾಕಿ ಗಾಳಿ ಬೀಸುತ್ತಿರುವುದು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

8. ನೆರೆಹೊರೆಯವರ ಹೊಣೆ

ವೃದ್ಧರಿಗೆ ಬಾಯಾರಿಕೆಯ ಅರಿವು ಕಡಿಮೆ ಇರುವುದರಿಂದ ಅವರು ತಾವಾಗಿ ನೀರು ಕೇಳದಿರಬಹುದು. ಒಂಟಿಯಾಗಿ ವಾಸಿಸುವ ಹಿರಿಯರನ್ನು ದಿನಕ್ಕೆ ಎರಡು ಬಾರಿಯಾದರೂ, ವಿಶೇಷವಾಗಿ ಮಧ್ಯಾಹ್ನದ ನಂತರ, ಖುದ್ದಾಗಿ ಕಂಡು ವಿಚಾರಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.