ಆಶ್ವಿಟ್ಜ್‌ನ ಮಾರ್ಗದರ್ಶಿಗಳು

ಪೋಲೆಂಡಿನ ಆಶ್ವಿಟ್ಜ್‌ನಲ್ಲಿದ್ದ ನಾಜಿ ಶಿಬಿರ 1947ರ ಜೂನ್ 14ರಂದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಪೋಲಿಷ್ ರಾಜಕೀಯ ಕೈದಿಗಳ ಮೊದಲ ತಂಡ, 728 ಮಂದಿ, ಅಲ್ಲಿಗೆ ಬಂದಿಳಿದದ್ದು 1940ರ ಇದೇ ದಿನ. ಆರಂಭದ ವರ್ಷಗಳಲ್ಲಿ ಸಂದರ್ಶಕರಿಗೆ ದಾರಿ ತೋರಿದವರಲ್ಲಿ ಅಲ್ಲಿಯೇ ಸೆರೆಯಿದ್ದು ಬದುಕುಳಿದವರಿದ್ದರು. ವಿವರಿಸುವುದೆಂದರೆ ಅವರಿಗೆ ಮತ್ತೆ ಅನುಭವಿಸುವುದೇ. ಆದರೆ ಸರ್ಕಾರಿ ನಿರೂಪಣೆ ಅಷ್ಟು ಪ್ರಾಮಾಣಿಕವಾಗಿರಲಿಲ್ಲ. ಶಿಬಿರದ ಭಾಗವಾಗಿದ್ದ ಬಿರ್ಕೆನೌನಲ್ಲಿನ ಸ್ಮಾರಕದ ಫಲಕಗಳು 1990ರವರೆಗೂ 40 ಲಕ್ಷ ಸಾವಿನ ಲೆಕ್ಕ ಹೇಳುತ್ತಿದ್ದವು. ಸತ್ತವರಲ್ಲಿ ಬಹುಪಾಲು ಯಹೂದಿಗಳೆಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಈಗ ಇತಿಹಾಸಕಾರರು ಒಪ್ಪುವ ಸಂಖ್ಯೆ ಸುಮಾರು 11 ಲಕ್ಷ, ಅವರಲ್ಲಿ 10 ಲಕ್ಷದಷ್ಟು ಯಹೂದಿಗಳು. ಬದುಕುಳಿದವರ ಪೀಳಿಗೆ ಕರಗುತ್ತ ಹೋದಂತೆ ದಾರಿ ತೋರುವ ಕೆಲಸ ತರಬೇತಿ ಪಡೆದ ಮಾರ್ಗದರ್ಶಿಗಳ ಪಾಲಿಗೆ ಬಂದಿದೆ. ಅವರ ದನಿ ಹೆಡ್‌ಫೋನಿನಲ್ಲಿ ಕೇಳುತ್ತದೆ. ಬಲಿಯಾದವರ ಕೂದಲ ರಾಶಿಯಿರುವ ಕೋಣೆಯಲ್ಲಿ ಫೋಟೊ ತೆಗೆಯುವಂತಿಲ್ಲ.