ಯುದ್ಧವೆನಿಸಿಕೊಳ್ಳದ ಮುಖಾಮುಖಿ

ನಮ್ಮ ವಿಮರ್ಶೆಯ ಪರಿಭಾಷೆಯಲ್ಲಿ ‘ಮುಖಾಮುಖಿ’ ಸೌಮ್ಯವಾದ ಪದ. ಲೇಖಕ ಪರಂಪರೆಯೊಡನೆ ಮುಖಾಮುಖಿಯಾಗುತ್ತಾನೆ, ಓದುಗ ಕೃತಿಯೊಡನೆ, ಯಾರಿಗೂ ಗಾಯವಾಗುವುದಿಲ್ಲ. ಆದರೂ ಪದದ ರಚನೆಯಲ್ಲಿ ಜಗಳದ ನೆನಪಿದೆ. ಕೇಶಾಕೇಶಿ, ಮುಷ್ಟಾಮುಷ್ಟಿ, ದಂಡಾದಂಡಿ: ಸಂಸ್ಕೃತ ವೈಯಾಕರಣರು ಈ ಬಗೆಯ ಸಮಾಸವನ್ನು ಹೇಳಿದ್ದೇ ಕಾದಾಟದ ಅರ್ಥದಲ್ಲಿ. ಇಂಗ್ಲಿಷಿನ ‘ಕನ್‌ಫ್ರಂಟೇಶನ್’ ಪದದ ಮೂಲದಲ್ಲಿಯೂ ಹಣೆ ಎಂಬರ್ಥದ ಲ್ಯಾಟಿನ್ ಶಬ್ದವಿದೆ.

ಈ ಪದವೇ ಒಂದು ಸಮರದ ಹೆಸರಾದದ್ದು ಇಂಡೋನೇಷ್ಯಾದಲ್ಲಿ. ಡಚ್ಚರ ಮೂಲಕ ಅಲ್ಲಿಗೆ ಬಂದ ‘ಕೊನ್‌ಫ್ರೊಂತಾಸಿ’ಯನ್ನು ಸುಕರ್ಣೋ ಸರ್ಕಾರ ಮೊದಲು ಬಳಸಿದ್ದು ಆ ಡಚ್ಚರ ಮೇಲೆಯೇ, ಪಶ್ಚಿಮ ನ್ಯೂಗಿನಿಯ ಪ್ರಶ್ನೆಯಲ್ಲಿ. ಸೈನ್ಯದ ಬೆದರಿಕೆ, ರಾಜತಾಂತ್ರಿಕ ಒತ್ತಡ ಎರಡನ್ನೂ ಬೆರೆಸಿದ ಆ ನೀತಿ 1962ರಲ್ಲಿ ಫಲಿಸಿತು. ಗೆದ್ದ ಪದವನ್ನು ಯಾರು ತಾನೇ ಬಿಟ್ಟಾರು? ಮಲಯ, ಸಿಂಗಪುರ, ಸರವಾಕ್, ಉತ್ತರ ಬೋರ್ನಿಯೊಗಳನ್ನು ಕೂಡಿಸಿ ಮಲೇಷ್ಯಾ ಕಟ್ಟುವ ಯೋಜನೆ ಬಂದಾಗ, ವಿದೇಶಾಂಗ ಸಚಿವ ಸುಬಂದ್ರಿಯೋ 1963ರ ಜನವರಿ 20ರಂದು ಅದರ ವಿರುದ್ಧ ಕೊನ್‌ಫ್ರೊಂತಾಸಿಯನ್ನು ಸಾರಿದರು. ಏಪ್ರಿಲ್‌ನಲ್ಲಿ ಸರವಾಕ್ ಗಡಿಯ ತೆಬೆದು ಪೊಲೀಸ್ ಠಾಣೆಯ ಮೇಲೆ ದಾಳಿ ನಡೆಯಿತು.

ಯುದ್ಧವನ್ನು ಯಾರೂ ಘೋಷಿಸಲಿಲ್ಲ. ಈ ಅಸ್ಪಷ್ಟತೆ ಬ್ರಿಟನ್ನಿಗೂ ಒಗ್ಗಿತು. 1964ರಿಂದ ಅದರ ತುಕಡಿಗಳು ಗಡಿ ದಾಟಿ ಕಾಲಿಮಂತಾನ್ ಕಾಡಿನೊಳಗೆ ಗುಟ್ಟಾಗಿ ಕಾರ್ಯಾಚರಣೆ ನಡೆಸಿದವು. ಹೊರಜಗತ್ತಿಗೆ ಮಾತ್ರ ಗಡಿರಕ್ಷಣೆಯ ಮಾತು. ಹೆಸರಿಗೆ ಹಣೆಗೆ ಹಣೆ, ನಡೆದದ್ದು ಮರೆಯಲ್ಲಿ. ‘ಯುದ್ಧ’ ಎಂದಿದ್ದರೆ ಎರಡೂ ಕಡೆ ಉತ್ತರ ಹೇಳಬೇಕಾಗುತ್ತಿತ್ತು. ಆದರೆ ಸತ್ತವರ ಪಾಲಿಗೆ ಆ ವ್ಯತ್ಯಾಸವೇನು? 1965ರ ಮಾರ್ಚ್ 10ರಂದು ಸಿಂಗಪುರದ ಮ್ಯಾಕ್‌ಡೊನಾಲ್ಡ್ ಹೌಸ್ ಎಂಬ ಕಟ್ಟಡದಲ್ಲಿ ಬಾಂಬು ಸಿಡಿದು ಮೂವರು ನಾಗರಿಕರು ಸತ್ತರು. ಸೈನಿಕರ ಸಾವುಗಳು ನೂರಾರು, ಅವುಗಳಲ್ಲಿ ಹೆಚ್ಚಿನವು ಇಂಡೋನೇಷ್ಯಾದವು.

ಕೊನ್‌ಫ್ರೊಂತಾಸಿಯನ್ನು ಕನ್ನಡಕ್ಕೆ ತರುವವರು ತೊಡಕಿಗೆ ಸಿಲುಕುವುದು ಇಲ್ಲಿಯೇ. ‘ಮುಖಾಮುಖಿ’ ಎಂದರೆ ವಿಚಾರಸಂಕಿರಣದ ವಾಸನೆ ಬರುತ್ತದೆ. ‘ಸಮರ’ ಎಂದರೆ ಆ ಸರ್ಕಾರಗಳು ಜತನದಿಂದ ತಪ್ಪಿಸಿದ ಮಾತನ್ನು ನಾವೇ ಹೇಳಿದಂತಾಗುತ್ತದೆ. ಮೂಲಪದವನ್ನೇ ಉಳಿಸಿಕೊಳ್ಳುವುದು ಲೇಸೆಂದು ನನಗೆ ತೋರುತ್ತದೆ.

1965ರ ಕೊನೆಯ ಹೊತ್ತಿಗೆ ಸುಕರ್ಣೋ ಹಿಡಿತ ಸಡಿಲಿತ್ತು. ಮರುವರ್ಷ ಆದಂ ಮಲಿಕ್ ಮತ್ತು ತುನ್ ಅಬ್ದುಲ್ ರಜಾಕ್ ಬ್ಯಾಂಕಾಕಿನಲ್ಲಿ ನಿಜವಾಗಿಯೂ ಎದುರುಬದುರು ಕುಳಿತರು. ಆಗಸ್ಟ್ 11ರಂದು ಜಕಾರ್ತದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಅದನ್ನು ಶಾಂತಿ ಒಪ್ಪಂದವೆಂದು ಕರೆಯಲಿಲ್ಲ. ಸಂಬಂಧಗಳನ್ನು ಸಹಜಸ್ಥಿತಿಗೆ ತರುವ ಒಪ್ಪಂದ ಎಂದಷ್ಟೇ ಅದರ ಶೀರ್ಷಿಕೆ.