ತಗಡಿನ ಗಾಡಿಗೆ ಮೌನ ಕಲಿಸಿದ ಕಥೆ

ಬಾಗಿಲು ಹಾಕುವ ಸದ್ದಿನಿಂದಲೇ ಕಾರಿನ ಬೆಲೆ ಅಳೆಯುವವರಿದ್ದಾರೆ. 'ಧಪ್' ಎಂದರೆ ದುಬಾರಿ, 'ಠಣ್' ಎಂದರೆ ಅಗ್ಗ. ತಗಡು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ತಗಡಿನ ಹಿಂದೆ ಅಂಟಿಸಿದ ವಸ್ತುವಿನಲ್ಲಿ. ಕಣ್ಣಿಗೆ ಕಾಣದ ಈ ಹೊದಿಕೆಯ ಹಿಂದೆ ಸುಮಾರು ನೂರು ವರ್ಷಗಳ ಇತಿಹಾಸವಿದೆ.

1907ರಲ್ಲಿ ಇಂಗ್ಲೆಂಡಿನ ರೋಲ್ಸ್-ರಾಯ್ಸ್ ಕಂಪನಿ ತನ್ನ 40/50 ಅಶ್ವಶಕ್ತಿಯ ಕಾರೊಂದಕ್ಕೆ ಬೆಳ್ಳಿಯ ಬಣ್ಣ ಬಳಿದು 'ಸಿಲ್ವರ್ ಘೋಸ್ಟ್' ಎಂದು ಹೆಸರಿಟ್ಟಿತು. ದೆವ್ವದಂತೆ ಸದ್ದಿಲ್ಲದೆ ಸುಳಿಯುತ್ತದೆ ಎಂಬುದು ಹೆಸರಿನ ಇಂಗಿತ. ಎಂಜಿನ್ನಿನ ಭಾಗಗಳನ್ನು ಅತ್ಯಂತ ನಾಜೂಕಾಗಿ ತಯಾರಿಸಿ, ತೂಗಿಸಿ ಜೋಡಿಸಿದ್ದರಿಂದ ಬಂದ ಮೌನ ಅದು. ಅದಕ್ಕೆ ತೆರಬೇಕಾದ ಬೆಲೆ ಸಿರಿವಂತರಿಗೆ ಮಾತ್ರ ಎಟುಕುವಂಥದ್ದು.

ಸಾಮಾನ್ಯ ಜನರ ಕಾರುಗಳಿಗೆ ಸದ್ದಿನ ಸಮಸ್ಯೆ ಬೇರೆ ದಿಕ್ಕಿನಿಂದ ಬಂತು. 1919ರಲ್ಲಿ ಅಮೆರಿಕದಲ್ಲಿ ತಯಾರಾದ ಹತ್ತು ಕಾರುಗಳಲ್ಲಿ ಸುಮಾರು ಒಂಬತ್ತು ತೆರೆದ ಕಾರುಗಳು. 1927ರ ವೇಳೆಗೆ ಲೆಕ್ಕ ತಲೆಕೆಳಗಾಗಿ, ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮುಚ್ಚಿದ ಕಾರುಗಳಾದವು. ಮಳೆ, ಧೂಳುಗಳಿಂದ ರಕ್ಷಣೆ ಸಿಕ್ಕಿತು ನಿಜ; ಆದರೆ ಪ್ರಯಾಣಿಕ ಒಂದು ಡಬ್ಬಿಯೊಳಗೆ ಕುಳಿತಂತಾಯಿತು. ಮರದ ಚೌಕಟ್ಟು, ಬಟ್ಟೆಯ ಮಾಡು ಕ್ರಮೇಣ ಮರೆಯಾದವು. ಜನರಲ್ ಮೋಟಾರ್ಸ್ ತನ್ನ 1935ರ ಮಾದರಿಗಳಲ್ಲಿ ಇಡೀ ಮಾಡನ್ನೇ ಒಂದೇ ಉಕ್ಕಿನ ತಗಡಿನಿಂದ ಒತ್ತಿ ಮಾಡಿತು. ಅಗಲವಾದ ತಗಡು ಎಂಜಿನ್ನಿನ ಕಂಪನಕ್ಕೆ ನಗಾರಿಯಂತೆ ಮೊರೆಯುವುದು ಸಹಜ.

ಆ ಮೊರೆತವನ್ನು ಅಡಗಿಸುವುದು ಹೇಗೆ? ಉತ್ತರ ನಮ್ಮ ದೇವರಮನೆಯಲ್ಲೇ ಇದೆ. ಜಾಗಟೆಯನ್ನು ಬಾರಿಸಿ ಅದರ ಮೇಲೆ ಅಂಗೈ ಇಟ್ಟರೆ ನಾದ ಥಟ್ಟನೆ ಸಾಯುತ್ತದೆ. ಮೆತ್ತನೆಯ ಅಂಗೈ ಲೋಹದ ಕಂಪನವನ್ನು ಹೀರಿ, ಕಂಡೂ ಕಾಣದಷ್ಟು ಶಾಖವಾಗಿ ಮಾರ್ಪಡಿಸುತ್ತದೆ. ಕಾರು ತಯಾರಕರು ತಗಡಿನ ಒಳಮೈಗೆ ಡಾಂಬರಿನಂಥ ಬಿಟುಮೆನ್ ಹಾಳೆಗಳನ್ನು ಅಂಟಿಸಿ ಸಾಧಿಸಿದ್ದು ಇದನ್ನೇ.

ಆ ಹಾಳೆ ಎಷ್ಟು ದಪ್ಪವಿರಬೇಕು, ಎಷ್ಟು ಗಡುಸಾಗಿರಬೇಕು ಎಂಬುದಕ್ಕೆ ಗಣಿತದ ಆಧಾರ ಒದಗಿಸಿದವರು ಜರ್ಮನಿಯ ವಿಜ್ಞಾನಿ ಹರ್ಮನ್ ಓಬರ್ಸ್ಟ್; ಅವರ ಪ್ರಬಂಧ ಪ್ರಕಟವಾದದ್ದು 1952ರಲ್ಲಿ. ಇಂಥ ವಸ್ತುಗಳ ಗುಣವನ್ನು ಅಳೆಯುವ ಪ್ರಯೋಗಪಟ್ಟಿಗೆ ಇಂದಿಗೂ ಅವರದೇ ಹೆಸರು. 1959ರಲ್ಲಿ ಅಮೆರಿಕದ ಎಡ್ವರ್ಡ್ ಕರ್ವಿನ್ ಇನ್ನೊಂದು ಹೆಜ್ಜೆ ಮುಂದಿಟ್ಟು, ಮೆತ್ತನೆಯ ಪದರದ ಮೇಲೆ ಗಟ್ಟಿಯಾದ ತೆಳು ಹಾಳೆಯೊಂದನ್ನು ಹೊದಿಸಿದರೆ ಏನಾಗುತ್ತದೆಂಬುದನ್ನು ವಿವರಿಸಿದರು. ತಗಡು ಬಾಗಿದಾಗ ನಡುವಿನ ಪದರ ಎರಡು ಗಟ್ಟಿ ಮೈಗಳ ಮಧ್ಯೆ ಸಿಕ್ಕಿ ಉಜ್ಜಿದಂತಾಗುತ್ತದೆ. ಕಡಿಮೆ ತೂಕದಲ್ಲೇ ಹೆಚ್ಚು ಕಂಪನ ಇಂಗುತ್ತದೆ. ಈಗ ಅಂಗಡಿಗಳಲ್ಲಿ ಸಿಗುವ, ಅಲ್ಯುಮಿನಿಯಂ ಮುಖದ ಬ್ಯೂಟೈಲ್ ರಬ್ಬರಿನ ಹಾಳೆ ಇದೇ ತತ್ವದ ಕೂಸು. ಆ ರಬ್ಬರನ್ನು ಅಮೆರಿಕದ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ 1937ರಲ್ಲೇ ರೂಪಿಸಿದ್ದರು.

ಆದರೆ ಈ ಹಾಳೆ ಸರ್ವರೋಗಕ್ಕೂ ಮದ್ದಲ್ಲ. ಇದು ನಿಲ್ಲಿಸುವುದು ತಗಡಿನ ಕಂಪನವನ್ನಷ್ಟೇ. ಗಾಳಿಯ ಮೂಲಕ ಬರುವ ಟೈರಿನ ಮೊರೆತಕ್ಕೆ ಬೇಕಾದದ್ದು ಭಾರವಾದ, ಸಂದಿಲ್ಲದ ತಡೆ. ತಡೆಯ ತೂಕ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬಲ್ ತಗ್ಗುತ್ತದೆ ಎಂಬುದು ಧ್ವನಿಶಾಸ್ತ್ರದ ಹಳೆಯ ನಿಯಮ. ಸಣ್ಣ ಬಿರುಕೊಂದು ಆ ಲಾಭವನ್ನೆಲ್ಲ ಕಸಿದುಕೊಳ್ಳಬಲ್ಲದು. ಒಳಗೇ ಪ್ರತಿಧ್ವನಿಸುವ ಸದ್ದನ್ನು ಹೀರಲು ಫೋಮ್, ಫೆಲ್ಟ್‌ಗಳಂಥ ಸಚ್ಛಿದ್ರ ವಸ್ತು ಬೇಕು. ಡ್ಯಾಷ್‌ಬೋರ್ಡಿನ ಕಟಕಟಕ್ಕೆ ಇವಾವುದೂ ಬೇಡ: ಎರಡು ಪ್ಲಾಸ್ಟಿಕ್ ಭಾಗಗಳು ತಾಗುವಲ್ಲಿ ಬಟ್ಟೆಯ ಟೇಪಿನ ಒಂದು ತುಂಡು, ಇಲ್ಲವೇ ಸಡಿಲವಾದ ಒಂದು ತಿರುಪು ಬಿಗಿ ಮಾಡುವುದು, ಅಷ್ಟೇ ಸಾಕು. ಸದ್ದಿನ ಜಾತಿಯನ್ನು ಗುರುತಿಸದೆ ಹಣ ಸುರಿದರೆ ಕಾರಿನ ತೂಕ ಹೆಚ್ಚುತ್ತದೆಯೇ ಹೊರತು ನೆಮ್ಮದಿ ಹೆಚ್ಚುವುದಿಲ್ಲ.

ನಮ್ಮ ಹವೆಗೆ ತಕ್ಕ ಎಚ್ಚರವೂ ಬೇಕು. ಅಗ್ಗದ ಬಿಟುಮೆನ್ ಹಾಳೆ ಏಪ್ರಿಲ್ ತಿಂಗಳ ಕಲಬುರಗಿಯ ಬಿಸಿಲಲ್ಲಿ ನಿಂತ ಕಾರಿನಲ್ಲಿ ಮೆತ್ತಗಾಗಿ ಜಾರಬಹುದು, ವಾಸನೆ ಹೊಡೆಯಬಹುದು. ಬಾಗಿಲಿನ ತಳದಲ್ಲಿ ಮಳೆನೀರು ಇಳಿದುಹೋಗಲು ಇರುವ ಕಿಂಡಿಗಳ ಮೇಲೆ ಹಾಳೆ ಅಂಟಿಸಿದರೆ, ಮಲೆನಾಡಿನ ಒಂದೇ ಮಳೆಗಾಲ ತುಕ್ಕಿಗೆ ನಾಂದಿ ಹಾಡಬಹುದು. ನೀರು ಹೀರುವ ಫೋಮಿನದೂ ಅದೇ ಕಥೆ. ಇಡೀ ತಗಡನ್ನು ಮುಚ್ಚಬೇಕಾದ ಅಗತ್ಯವೂ ಇಲ್ಲ. ಬೆರಳಿನಿಂದ ತಟ್ಟಿದಾಗ ಹೆಚ್ಚು ನಾದ ಹೊಮ್ಮುವ ನಡುಭಾಗಕ್ಕೆ ಅಂಟಿಸಿದರೆ ಬಹುಪಾಲು ಕೆಲಸ ಮುಗಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಕಾರಿನ ಕೆಲವು ಸದ್ದುಗಳು ದೂರುಗಳು ಎಂಬುದು. ಸವೆದ ಚಕ್ರದ ಬೇರಿಂಗ್ ಗುಂಯ್‌ಗುಡುತ್ತದೆ, ಸವೆದ ಬ್ರೇಕ್ ಕಿರುಚುತ್ತದೆ. ಅದಕ್ಕೆ ಬೇಕಾದದ್ದು ಮೆಕ್ಯಾನಿಕ್, ಹೊದಿಕೆಯಲ್ಲ. ರೋಗ ವಾಸಿ ಮಾಡದೆ ರೋಗಿಯ ಬಾಯಿಗೆ ಬಟ್ಟೆ ತುರುಕಿದರೆ ಆಗುವ ಅನಾಹುತವೇ ಇಲ್ಲೂ ಆಗುತ್ತದೆ.

ಮೌನಕ್ಕೆ ಇನ್ನೊಂದು ವಿಚಿತ್ರ ಗುಣವಿದೆ. ದೊಡ್ಡ ಸದ್ದು ಅಡಗಿದೊಡನೆ ಚಿಕ್ಕ ಸದ್ದು ತಲೆಯೆತ್ತುತ್ತದೆ. ಗಂಟೆಗೆ 60 ಮೈಲಿ ವೇಗದಲ್ಲಿ ಕೇಳುವ ಅತಿ ದೊಡ್ಡ ಸದ್ದು ಗಡಿಯಾರದ್ದೇ ಎಂದು 1958ರಲ್ಲಿ ಡೇವಿಡ್ ಓಗಿಲ್ವಿ ರೋಲ್ಸ್-ರಾಯ್ಸ್‌ಗೆ ಬರೆದ ಜಾಹೀರಾತು ಹೆಸರುವಾಸಿಯಾಯಿತು. ಅದು ಹೊಗಳಿಕೆಯೂ ಹೌದು, ಈ ನಿಯಮದ ಸಾಕ್ಷಿಯೂ ಹೌದು. ವಿದ್ಯುತ್ ಕಾರುಗಳಲ್ಲಿ ಎಂಜಿನ್ನೇ ಮಾಯವಾದ ಮೇಲೆ, ಮೊದಲು ಯಾರ ಕಿವಿಗೂ ಬೀಳದಿದ್ದ ಗಾಳಿಯ ಸುಯ್ಲು, ಸೀಟಿನ ಕಿರುಗುಟ್ಟುವಿಕೆ ದೊಡ್ಡ ದೂರುಗಳಾಗಿವೆ.

ಮೌನದ ಈ ಓಟ ಕೊನೆಗೆ ರಸ್ತೆಯಲ್ಲಿ ನಡೆಯುವವನ ಎದುರು ಬಂದು ನಿಂತಿತು. ಸದ್ದಿಲ್ಲದೆ ಬರುವ ಕಾರು ಕಣ್ಣು ಕಾಣದವರಿಗೆ ಅಪಾಯಕಾರಿ. ಹಾಗಾಗಿ ಯುರೋಪಿನ ಒಕ್ಕೂಟ 2019ರ ಜುಲೈಯಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳಿಗೆ, 2021ರ ಜುಲೈಯಿಂದ ಎಲ್ಲ ಹೊಸ ವಿದ್ಯುತ್ ಕಾರುಗಳಿಗೆ, ನಿಧಾನಗತಿಯಲ್ಲಿ ಸಾಗುವಾಗ ಕೃತಕ ಸದ್ದು ಮಾಡುವ ಸಾಧನವನ್ನು ಕಡ್ಡಾಯಗೊಳಿಸಿತು. ಕಾರಿನ ಒಳಗೆ ಕುಳಿತವನಿಗೆ ಮೌನ ಸುಖ. ಹೊರಗೆ ನಡೆಯುವವನಿಗೆ ಸದ್ದೇ ರಕ್ಷೆ.